ಕಾರಿಗೆ ಖಾರದ ಗಿರಣಿ ಬೆಲ್ಟು

ಮೊದಲು ಒಂದು ಒಡಪು ಹಾಕ್ತೀನಿ, ಒಡೀರಿ ನೋಡೂಣು. ಹುಟ್ಟಿದಾಗ ತಾಯಿ ಒಬ್ಬಾಕಿ, ಈಗ ಊರ ತುಂಬಾ ತಾಯಂದಿರು. ಎಡಗಣ್ಣು ತನ್ನದ, ಬಲಗಣ್ಣು ಟ್ರ್ಯಾಕ್ಟರಿಂದು. ಒಳಗ ಕುಂತಾಂವ ಹೊರಗಿನವನಿಗೆ ಕೈ ಮುಗಿದರೆ ಮಾತ್ರ ಹೊರಗ ಬರ್ತಾನ. ಅದು ಕೂಗಿದರೆ ಓಣಿಯ ಹೆಂಗಸರೆಲ್ಲ ಬಕೀಟು ಹಿಡಕೊಂಡು ಓಡಿ ಬರ್ತಾರ, ಉಸಿರು ಬಿಟ್ಟರೆ ಕುಂತವರೆಲ್ಲ ಸೀನತಾರ. ಏನದು?

ಬಿಡ್ರಿ, ನಿಮಗ ಗೊತ್ತಾಗೂದಿಲ್ಲ. ಅದನ್ನ ತಯಾರು ಮಾಡಿದವರನ್ನೇ ಕರಕೊಂಡು ಬಂದು ಎದುರಿಗೆ ನಿಲ್ಲಿಸಿದರೂ "ಈ ಕೂಸು ನಮ್ಮದಲ್ಲ" ಅಂತ ಹೊಳ್ಳಿ ಹೋಗ್ತಾರ. ಅದು ನಮ್ಮಪ್ಪನ ಕಾರು. ಹಳೇ ಕಾರು ಇದ್ದವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರ್ತಾವ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಡೆದಾಗೆಲ್ಲ ಬೈಗುಳ ನನ್ನ ವಿಳಾಸಕ್ಕೇ ಯಾಕ ಬರ್ತಾವ ಅನ್ನೋದು ತಕರಾರು. ಅದಕ್ಕೇ ಬರಿಯಾಕ ಕುಂತೇನಿ.

ಬೀಗರ ಕರಾರು

ನಮ್ಮದು ರಾಣೆಬೆನ್ನೂರು. ಅಪ್ಪಂದು ಬೀಜ-ಗೊಬ್ಬರದ ಅಂಗಡಿ. ಕಾರು ನನಗಿಂತ ವಯಸ್ಸಿನಲ್ಲಿ ಹಿರೇದು, ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಹೆಚ್ಚು. ಅಕ್ಕನನ್ನು ಬ್ಯಾಡಗಿಗೆ ಕೊಟ್ಟೇವಿ. ಅಕ್ಕನ ಮಾವ, ಅಂದರೆ ನಮ್ಮ ಬೀಗರು, ಮೆಣಸಿನಕಾಯಿ ದಲಾಲರು. ಅಕ್ಕನನ್ನು ಗಂಡನ ಮನೆ ತುಂಬಿಸಲು ಹೋದ ದಿನ ನಮ್ಮ ಕಾರು ಅವರ ಓಣಿಯ ತಿರುವಿನಲ್ಲೇ ಕೆಟ್ಟು ನಿಂತಿತು. ಮದುಮಗಳೇ ಇಳಿದು ಗಾಡಿ ನೂಕಿದಳು ಅಂತ ಬೀಗರು ಇವತ್ತಿಗೂ ಸಿಕ್ಕವರ ಮುಂದೆಲ್ಲ ಹೇಳ್ತಾರ. ಶುದ್ಧ ಸುಳ್ಳು. ಅಕ್ಕ ಇಳಿದದ್ದು ಖರೇ, ಆದರೆ ನೂಕಲಿಲ್ಲ. ಸೀರೆ ಎತ್ತಿ ಹಿಡಕೊಂಡು ಮುಂದೆ ನಿಂತು "ಎಡಕ್ಕ ತಗೋರಿ, ಎಡಕ್ಕ" ಅಂತ ದಾರಿ ತೋರಿಸಿದಳು, ಅಷ್ಟೆ.

ಈಗ ಅಕ್ಕ ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮಾಡಿ ಬಸುರಿಯನ್ನು ತವರಿಗೆ ಕರಕೊಂಡು ಬರೋದು, ಬಾಣಂತನ ತವರಲ್ಲೇ ಮಾಡೋದು ನಮ್ಮ ಕಡೆ ನಡೆದುಬಂದ ಪದ್ಧತಿ. ಬೀಗರು ಫೋನ್ ಮಾಡಿದರು.

"ಬೀಗರ, ಕುಬಸ ಇಲ್ಲೇ ಮಾಡೂಣು. ಆದ್ರ ಆ ನಿಮ್ಮ ಗಾಡ್ಯಾಗ ಸೊಸಿನ್ನ ಕಳಸಾಂಗಿಲ್ಲ ನೋಡ್ರಿ. ಹಾದ್ಯಾಗ ನಿಂತ್ರ ಈ ಸಲ ಯಾರ ಕಡಿಂದ ನೂಕಸ್ತೀರಿ? ಬಾಣಂತನ ನಮ್ಮ ಮನ್ಯಾಗ ಆಗ್ಲಿ."

"ನಮ್ಮ ಮಗಳು ನಮ್ಮ ಗಾಡ್ಯಾಗ ಬರ್ತಾಳ್ರಿ" ಅಂದ ಅಪ್ಪ.

"ಹಂಗಾರ ಗಾಡಿನ್ನ ಮೊದಲ ಬ್ಯಾಡಗಿಗೆ ತಂದು ತೋರಸ್ರಿ. ನಾ ಒಂದು ಸುತ್ತು ಹೋಗಿ ಬಂದು ಹೇಳ್ತೀನಿ."

ದನದ ಸಂತೆಯಲ್ಲಿ ಹಲ್ಲು ನೋಡ್ತಾರಲ್ಲ, ಹಂಗ. ಅವ್ವ ಮೆಲ್ಲಗೆ "ಒಂದ ದಿನಕ್ಕ ಬಾಡಿಗಿ ಗಾಡಿ ತಗೊಂಡು ಹೋದ್ರ ಆಗೂದಿಲ್ಲೇನ್ರಿ?" ಅಂದದ್ದಕ್ಕೆ ಅಪ್ಪ ಅರ್ಧ ಊಟಕ್ಕೇ ಕೈ ತೊಳಕೊಂಡ. ಸಂಜೆ ಅಕ್ಕನ ಫೋನು, ನನಗೆ.

"ಲೇ, ಇಲ್ಲಿ ಎಲ್ಲಾದಕ್ಕೂ ಖಾರ ಸುರೀತಾರೋ. ನನಗ ಅವ್ವನ ಕೈಯಾಗಿಂದು ಊಟ ಬೇಕು. ಏನರ ಮಾಡು, ಆ ಡಬ್ಬಿನ್ನ ಓಡಸು."

ಕಾರು ನಮ್ಮೂರ ಮೆಕ್ಯಾನಿಕ್ ಚಾಚಾನ ಗ್ಯಾರೇಜಿಗೆ ಹೋಯಿತು. ಚಾಚಾನ ಬಾಯಲ್ಲಿ ಒಂದೇ ಮಾತು, "ಕುಂದರತೈತಿ". ಹೊಸ ಸಾಮಾನು ತುಟ್ಟಿ, ಹಳೇ ಮಾಡೆಲ್ಲಿಗೆ ಸಿಗೋದೂ ಇಲ್ಲ, ಆದ್ದರಿಂದ ಅದರ ಸಾಮಾನು ಇದಕ್ಕ ಕುಂದರತೈತಿ, ಇದರದು ಅದಕ್ಕ ಕುಂದರತೈತಿ. ಹಿಂದಿನ ಬಾಗಿಲಿನ ಹಿಡಿಕೆ ಮುರಿದಿತ್ತು. ಗುಜರಿಯಲ್ಲಿ ಬಿದ್ದ ಯಾವುದೋ ವ್ಯಾನಿನ ಹಿಡಿಕೆ, ಕೀಲಿ ಸಮೇತ, ತಂದು ಹಾಕಿದ. ಕುಂತಿತು. ಅಪ್ಪ ಹಿಂದಿನ ಸೀಟಿನಲ್ಲಿ ಕುಂತು ಬಾಗಿಲು ಎಳಕೊಂಡ. ಮುಚ್ಚಿತು. ಒಳಗಿನಿಂದ ತೆಗೆಯಲು ನೋಡಿದ. ಊಹೂಂ. ಚಾಚಾ ಚಹಾ ಕುಡಿಯಲು ಹೋಗಿದ್ದ. ಅಪ್ಪ ಗಾಜು ಬಡಿಯುತ್ತಿದ್ದ, ನನಗೆ ಸರಿಯಾಗಿ ಕೇಳಿಸಲಿಲ್ಲ ಅನ್ನೋದು ಬೇರೆ ಮಾತು.

ಹೊರಗೆ ಬಂದ ಅಪ್ಪ ಬೆವರು ಒರೆಸಿಕೊಳ್ಳುತ್ತಾ ಕೇಳಿದ, "ಚಾಚಾ, ಯಾವ ವ್ಯಾನಿಂದಿದು?"

"ಪೊಲೀಸ್ ವ್ಯಾನಿಂದು ಮಾಲಕ್ರ. ಭಾಳ ಗಟ್ಟಿ ಸಾಮಾನು."

ಗುತ್ತಲದ ಮಂದಿ

ಎಂಜಿನ್ನಿನ ಕೆಳಗೆ ಒಂದು ರಬ್ಬರು ಇರ್ತದ. ಅದು ಹೋದರೆ ಗಾಡಿ ಸ್ಟಾರ್ಟ್ ಮಾಡಿದಾಗ ಮೈಮೇಲೆ ಬಂದವರಂಗ ನಡುಗತದ. ನಮ್ಮದು ಹೋಗಿ ವರ್ಷಗಳಾಗಿದ್ದವು. "ಟಂಟಂದು ರಬ್ಬರ್ ಕುಂದರತೈತಿ, ಹಾವೇರ್‍ಯಾಗ ಸಿಗತೈತಿ, ಹೋಗು ಬೇಟಾ" ಅಂದ ಚಾಚಾ. ಟಂಟಂ ಅಂದರೆ ಹಳ್ಳಿಗಳಿಗೆ ಮಂದಿ ತುಂಬಿಕೊಂಡು ಹೋಗೋ ದೊಡ್ಡ ಆಟೋ.

ಹಾವೇರಿಯ ಅಂಗಡಿಯವ ಕೇಳಿದ, "ಯಾವ ಗಾಡಿಗೆ?" ನಾನು ಸತ್ಯವಂತನ ಹಂಗ "ಕಾರಿಗೆ" ಅಂದೆ. ಒಂದು ಚಂದನೆಯ ಡಬ್ಬಿ ತಂದಿಟ್ಟ. ದರ ಕೇಳಿ ಎದೆ ಹಿಡಕೊಂಡೆ.

"ಟಂಟಂದು ತೋರಸ್ರಿ ಹಂಗಾರ."

ಇನ್ನೊಂದು ಡಬ್ಬಿ ತಂದಿಟ್ಟ. ದರ ಕಾಲು ಭಾಗ. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದೆ. ಅದೇ ತೂತು, ಅದೇ ಗೀರು, ಅದೇ ವಾಸನೆ. ಅವಳಿ-ಜವಳಿ.

"ಎರಡೂ ಒಂದ ಅದಾವಲ್ರಿ?"

"ಒಂದ ಹೆಂಗಕ್ಕಾವು? ಡಬ್ಬಿ ಬ್ಯಾರೆ ಅದಾವಲ್ಲ" ಅಂದ. ಮುಖದ ಮೇಲೆ ಒಂದಿಷ್ಟೂ ನಾಚಿಕೆ ಇಲ್ಲ.

"ಟಂಟಂದು ಕೊಡ್ರಿ."

"ಕಾರಿಗೆ ಅಂದ್ಯಲ್ಲ. ಟಂಟಂದು ಟಂಟಂ ಇದ್ದವರಿಗಷ್ಟ. ಇಲ್ಲಾಂದ್ರ ಕಾರಿನ ಡಬ್ಬಿ ಯಾರು ಒಯ್ತಾರ?"

ನನಗೆ ಸಿಟ್ಟು ನೆತ್ತಿಗೇರಿತು. ಹಾವೇರಿಯಲ್ಲಿ ನನ್ನ ಗೆಳೆಯನೊಬ್ಬ ಟಂಟಂ ಓಡಿಸ್ತಾನ. ಅವನ ಖಾಕಿ ಅಂಗಿ ನಾನು ಹಾಕಿಕೊಂಡೆ, ಅವನ ಕೈಲಿ ಗಾಡಿ ಓಡಿಸಿ ಅಂಗಡಿಯ ಎದುರಿಗೇ ನಿಲ್ಲಿಸಿದೆ. "ನೋಡ್ರಿ, ಟಂಟಂ" ಅಂದೆ. ಅಂಗಡಿಯವ ಕನ್ನಡಕ ಏರಿಸಿ ನನ್ನ ಅಂಗಿ ನೋಡಿದ, ಗಾಡಿ ನೋಡಿದ, ಒಲ್ಲದ ಮನಸ್ಸಿನಿಂದ ರಬ್ಬರು ಕೊಟ್ಟ. ಗೆದ್ದೆ ಅಂತ ಹೊರಗೆ ಬಂದು ನೋಡಿದರೆ ಟಂಟಂ ತುಂಬಿಹೋಗಿದೆ. ಬುಟ್ಟಿ, ಚೀಲ, ಕೂಸು-ಕುನ್ನಿ, ಒಂದು ಆಡಿನ ಮರಿ ಕೂಡ. ಅದು ಗುತ್ತಲದ ಗಾಡಿಗಳು ನಿಲ್ಲೋ ಜಾಗವಂತೆ. ಗೆಳೆಯ ಪಾನ್ ಅಂಗಡಿಗೆ ಹೋಗಿದ್ದ.

ಮುಂದಿನ ಸೀಟಿನ ಮುದುಕಿ ನನ್ನ ಖಾಕಿ ನೋಡಿ "ಏ ತಮ್ಮಾ, ಬಿಡು ಲಗೂ, ಬಿಸಲು ಏರಾಕತ್ತೈತಿ" ಅಂದಳು.

"ಆಯಿ, ಇದು ಗುತ್ತಲಕ್ಕ ಹೋಗಾಂಗಿಲ್ಲ. ರಬ್ಬರ್ ತಗೊಳ್ಳಾಕ ಬಂದೈತಿ."

"ಟಂಟಂ ಬಂದು ರಬ್ಬರ್ ತಗೊಂತೈತೇನೋ? ಬಿಸಲಿಗೆ ತಲಿ ತಿರಗೈತೇನು ನಿಂದು?"

ಹಿಂದೆ ಕುಂತವರೆಲ್ಲ ಆಕೆಯ ಪಕ್ಷ. "ಹೋಗಾಂಗಿಲ್ಲಾಂದ್ರ ಇಲ್ಲ್ಯಾಕ ನಿಲ್ಲಿಸೀದಿ?" ಅಂತ ಒಬ್ಬ, "ಇವರದು ದಿನಾ ಇದ" ಅಂತ ಇನ್ನೊಬ್ಬ. ನಾನು ಈ ಕೆಲಸಕ್ಕೆ ಬಂದು ಇನ್ನೂ ಬೀಡಿ ಸೇದೋವಷ್ಟು ಹೊತ್ತೂ ಆಗಿರಲಿಲ್ಲ. ಅಂಗಡಿಯವ ಕಟ್ಟೆಯ ಮೇಲೆ ಬಂದು ನಿಂತು ಮಜಾ ನೋಡುತ್ತಿದ್ದ. "ಟಂಟಂ ಖರೇನ ನಿಮ್ಮದಾಗಿದ್ರ ಬಿಡ್ರಿ ನೋಡೂಣು ಗುತ್ತಲಕ್ಕ" ಅಂದ. ಆ ರಬ್ಬರು ಎಲ್ಲಿ ಕಸಿದುಕೊಳ್ತಾನೋ ಅಂತ ಗೆಳೆಯನನ್ನು ಕೂಗಿದೆ. ಗೆಳೆಯ ಓಡಿಸಿದ, ನಾನು ಹಿಂದೆ ಜೋತುಬಿದ್ದೆ, ಆಡಿನ ಮರಿ ದಾರಿಯುದ್ದಕ್ಕೂ ನನ್ನ ಖಾಕಿ ತೋಳು ತಿಂದಿತು.

ಗುತ್ತಲದಲ್ಲಿ ಇಳಿದ ಮುದುಕಿ ಒಂದು ಮಾತೂ ಹಿತವಾಗಿ ಆಡಲಿಲ್ಲ. ಬುಟ್ಟಿ ತಲೆಗೆ ಏರಿಸಿಕೊಂಡು "ನಾಳೆ ಹೊತ್ತಿಗೆ ಸರಿಯಾಗಿ ಬಾ. ರಬ್ಬರು ಗಿಬ್ಬರು ಅಂತ ನೆವ ಹೇಳಬ್ಯಾಡ" ಅಂದಳು.

ಓಣಿಯ ಹೆಂಗಸರು

ಹಾರ್ನು. ಇದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ, ಮೊದಲೇ ಹೇಳಿಬಿಡ್ತೀನಿ.

ನಮ್ಮ ಹಾರ್ನು ಕೆಮ್ಮುತ್ತಿತ್ತು. ಗುಜರಿಯಲ್ಲಿ ಒಂದು ಗಟ್ಟಿಮುಟ್ಟಾದದ್ದು ಸಿಕ್ಕಿತು, ಗುಜರಿಯವ ತೂಕಕ್ಕೆ ಕೊಟ್ಟ. ಚಾಚಾ ಅದನ್ನು ತಿರುಗಿಸಿ ನೋಡಿ ಹೇಳಿದ್ದು ನಿಮಗೆ ಗೊತ್ತೇ ಇದೆ. ಮರುದಿನ ಮುಂಜಾನೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗಡಿಗೆ ಹೊರಟ. ಓಣಿಯ ನಡುವೆ ಒಂದು ಎಮ್ಮೆ ಅಡ್ಡ ನಿಂತಿತ್ತು. ಅಪ್ಪ ಹಾರ್ನು ಒತ್ತಿದ. ಹಾಡು ಬಂತು. ದಿನಾ ಮುಂಜಾನೆ ಕಸದ ಗಾಡಿ ಹಾಕಿಕೊಂಡು ಬರ್ತದಲ್ಲ, ಅದೇ ಹಾಡು.

ಎಮ್ಮೆ ಕದಲಲಿಲ್ಲ. ಬಾಗಿಲುಗಳು ಮಾತ್ರ ಪಟಪಟ ತೆರೆದವು. ಹಸಿ ಕಸದ ಬಕೀಟು ಒಂದು ಕೈಯಲ್ಲಿ, ಒಣ ಕಸದ್ದು ಇನ್ನೊಂದು ಕೈಯಲ್ಲಿ, ಓಣಿಯ ಹೆಂಗಸರೆಲ್ಲ ಹಾಜರು. ಒಬ್ಬಾಕೆ ಅತ್ತ ಇತ್ತ ನೋಡದೆ ಬಾನೆಟ್ಟಿನ ಮೇಲೇ ಚೀಲ ಇಟ್ಟು ಒಳಗೆ ಹೋದಳು. ಅಪ್ಪ ಗಾಜು ಏರಿಸಲು ಹೋದ, ಅದು ಏರಲಿಲ್ಲ. ಅದರ ಸಾಮಾನು ಇನ್ನೂ ಸಿಕ್ಕಿರಲಿಲ್ಲ.

"ನಿನ್ನೆ ಯಾಕ ಬರಲಿಲ್ರೀ?" ಅಂತ ಒಬ್ಬಾಕೆ ಜೋರು ಮಾಡಿದಳು.

"ತಾಯಿ, ನಾ ಕಸದಾಂವಲ್ಲ."

ಆಕೆ ಬಗ್ಗಿ ಅಪ್ಪನ ಬಿಳಿ ಅಂಗಿ, ವಿಭೂತಿ ನೋಡಿದಳು. ದನಿ ಒಂದು ಹದಕ್ಕೆ ಬಂತು.

"ಹೌದೇನ್ರಿ? ನಗರಸಭೆ ಸಾಹೇಬ್ರು ನೀವು? ಹಂಗಾರ ನಳದ್ದೂ ಒಂದಿಷ್ಟು ನೋಡ್ರಿ, ನೀರು ಬರವಲ್ವು."

ಬೈಗುಳ ಯಾರಿಗೆ ಬಂತು? ಹಾರ್ನು ಮಾಡಿದವನಿಗಲ್ಲ, ಮಾರಿದವನಿಗಲ್ಲ, ಕೂರಿಸಿದವನಿಗಲ್ಲ, ಒತ್ತಿದವನಿಗಂತೂ ಅಲ್ಲ.

ಬೀಗರ ಮೂಗು

ಗಾಡಿ ತೋರಿಸಲು ನಾಳೆ ಬ್ಯಾಡಗಿಗೆ ಹೋಗಬೇಕು, ಇವತ್ತು ಸಂಜೆ ಫ್ಯಾನಿನ ಬೆಲ್ಟು ಹರಿಯಿತು. ಅಂಗಡಿಗಳಲ್ಲಿ ಕೇಳಿದರೆ "ಹಳೇ ಮಾಡೆಲ್ಲು, ಹುಬ್ಬಳ್ಳಿಯಿಂದ ತರಸಬೇಕು" ಅನ್ನೋದೇ ಉತ್ತರ. ಅಪ್ಪ ತಲೆ ಮೇಲೆ ಕೈ ಹೊತ್ತು ಕುಂತ. ಈಗ ಹೋಗದಿದ್ದರೆ ಬೀಗರು "ನಾ ಹೇಳಲಿಲ್ಲೇನು" ಅಂತಾರ, ಅಕ್ಕ ಅಲ್ಲೇ ಉಳೀತಾಳ.

ನಾನು ಹರಿದ ಬೆಲ್ಟಿಗೆ ದಾರ ಹಿಡಿದು ಅಳತೆ ತಗೊಂಡೆ, ನೆಟ್ಟಗೆ ನಮ್ಮ ಓಣಿಯ ಖಾರದ ಗಿರಣಿಗೆ ಹೋದೆ. ಮೆಣಸಿನಕಾಯಿ ಕುಟ್ಟೋ ಮಷೀನಿಗೆ ಹೊಸ ಬೆಲ್ಟು ಹಾಕಿ ಹಳೇದನ್ನು ಮೊಳೆಗೆ ತೂಗುಹಾಕಿದ್ದ ಗಿರಣಿಯವ. ಅಗಲ ಅಷ್ಟೇ, ಉದ್ದ ಅಷ್ಟೇ. ತಂದು ಹಾಕಿದರೆ ಕಾರಿಗೇ ಹುಟ್ಟಿದಂಗ ಕುಂತಿತು. ಚಾಚಾ ಕೂಡ ನನ್ನ ಬೆನ್ನು ತಟ್ಟಿದ. ಅಪ್ಪ ಮಾತ್ರ "ಹೂಂ" ಅಂದ.

ಮರುದಿನ ಹೊರಟೆವು. ಅಪ್ಪ ಸ್ಟೇರಿಂಗಿಗೆ, ನಾನು ಪಕ್ಕಕ್ಕೆ, ಅವ್ವ ಹಿಂದೆ ಪೊಲೀಸ್ ಬಾಗಿಲಿನಲ್ಲಿ. ಊರು ದಾಟೋವರೆಗೆ ಎಲ್ಲ ಸರಿ ಇತ್ತು. ಎಂಜಿನ್ ಕಾದಂಗೆ ಬೆಲ್ಟೂ ಕಾಯಿತು. ಅದರ ಸಂದಿಯಲ್ಲಿ ಎಷ್ಟು ವರ್ಷದ ಖಾರದ ಪುಡಿ ಹೊಕ್ಕಿತ್ತೋ ಏನೋ, ಅಷ್ಟೂ ಉದುರಿ, ಗಾಳಿ ಬರೋ ಕಿಂಡಿಯೊಳಗಿಂದ ನಮ್ಮ ಮುಖಕ್ಕೇ ಬರತೊಡಗಿತು. ಮೊದಲು ಅವ್ವ ಸೀನಿದಳು. ಆಮೇಲೆ ಅಪ್ಪ. ಅಪ್ಪ ಸೀನಿದಾಗೆಲ್ಲ ಗಾಡಿ ಒಂದು ಪಕ್ಕಕ್ಕೆ ಸರಿಯುತ್ತಿತ್ತು, ಎದುರಿಗೆ ಬರೋ ಲಾರಿಯವರು ದೂರದಿಂದಲೇ ಜಾಗ ಬಿಟ್ಟುಕೊಟ್ಟರು.

"ಗಾಡಿ ನಿಲ್ಲಸ್ರಿ, ನಾ ಇಳೀತೀನಿ" ಅಂದಳು ಅವ್ವ.

"ನಿಲ್ಲಿಸಿದ್ರ ಮತ್ತ ಚಾಲು ಆಗೂದು ಗ್ಯಾರಂಟಿ ಇಲ್ಲ. ಸೀನಕೋತ ಕುಂದ್ರು" ಅಂದ ಅಪ್ಪ.

ಬ್ಯಾಡಗಿ ಮುಟ್ಟಿದಾಗ ಮೂವರ ಕಣ್ಣೂ ಕೆಂಪು. ಅಕ್ಕ ಬಾಗಿಲಿಗೆ ಬಂದು ನೋಡಿ, ತನ್ನನ್ನು ನೆನೆಸಿ ಅತ್ತಾರ ಅಂದುಕೊಂಡು ತಾನೂ ಅತ್ತಳು. ಬೀಗರು ಕರಿ ಟೊಪ್ಪಿಗೆ ಸರಿ ಮಾಡಿಕೊಂಡು ಮುಂದಿನ ಸೀಟಿಗೆ ಬಂದು ಕುಂತರು. "ಹೂಂ, ನಡೀರಿ" ಅಂದರು. ನಾನು ಹಿಂದೆ ಕುಂತು ಉಸಿರು ಬಿಗಿ ಹಿಡಿದೆ.

ಮಾರುಕಟ್ಟೆಯ ದಾರಿಯಲ್ಲಿ ಗಾಡಿ ಹೋಗ್ತಾ ಇತ್ತು. ಕಿಂಡಿಯಿಂದ ಖಾರ ಬರ್ತಾ ಇತ್ತು. ಅಪ್ಪನ ಮೂಗು ಕುಣಿಯುತ್ತಿತ್ತು. ಬೀಗರು ಸೀನಲಿಲ್ಲ. ಹುಟ್ಟಿದಾಗಿನಿಂದ ಮೆಣಸಿನಕಾಯಿ ರಾಶಿಯ ಪಕ್ಕ ಉಂಡು ಮಲಗಿದ ಮನುಷ್ಯ, ಅವರ ಮೂಗಿಗೆ ಅದು ಬರೀ ಗಾಳಿ. ಆದರೆ ಹುಬ್ಬು ಗಂಟಾಯಿತು. ಕಿಂಡಿಗೆ ಮೂಗು ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಎಳಕೊಂಡರು. ಬಿಟ್ಟರು. ಇನ್ನೊಮ್ಮೆ ಎಳಕೊಂಡರು.

"ಬೀಗರ, ಗಾಡಿ ನಿಲ್ಲಸ್ರಿ."

ಅಪ್ಪ ನಿಲ್ಲಿಸಿದ. ಅಕ್ಕನ ಬಾಣಂತನ ಬ್ಯಾಡಗಿಯಲ್ಲೇ ಅಂತ ನಾನು ಮನಸ್ಸಿನಲ್ಲೇ ಬರಕೊಂಡೆ.

"ಇದು ಬ್ಯಾಡಗಿ ಅಲ್ಲ" ಅಂದರು ಬೀಗರು.

"ಏನ್ರಿ?" ಅಪ್ಪ ದಾರಿ ತಪ್ಪಿತೇನೋ ಅಂತ ಹೊರಗೆ ನೋಡಿದ.

"ಈ ಮೆಣಸಿನಕಾಯಿ. ಬಣ್ಣದ ಮಾಲಲ್ಲ, ಬರೇ ಉರಿ ಐತಿ. ಅದೂ ಹ್ವಾದ ವರ್ಷದ್ದು, ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ದು. ದಲಾಲರ ಮನಿಗೆ ಬರಾಕ ಇಂಥಾ ಮಾಲು ಹಾಕ್ಕೊಂಡು ಬರ್ತಾರೇನ್ರಿ? ಮಂದಿ ಏನಂದಾರು?"

ಬ್ರೇಕು ನೋಡಲಿಲ್ಲ, ಎಂಜಿನ್ ನೋಡಲಿಲ್ಲ, ಬಲಗಡೆ ಕುಂತ ಟ್ರ್ಯಾಕ್ಟರಿನ ಹೆಡ್‌ಲೈಟು ಕಾಣಲೇ ಇಲ್ಲ. ನಾನು ಬೆಲ್ಟಿನ ಕಥೆ ಹೇಳಿದೆ. ಕೇಳಿ ಬೀಗರು ತೀರ್ಪು ಕೊಟ್ಟರು. "ಗಾಡಿ ಓಡತೈತಿ, ಒಪ್ಪಿದೆ. ಬಸುರಿ ಹೆಂಗಸು ಇದರಾಗ ಕುಂತು ಸೀನೂದು ಮಾತ್ರ ಆಗೂದಿಲ್ಲ. ಬೆಲ್ಟ್ ಬದಲಾಸಕೊಂಡು ಬರ್ರಿ, ಕುಬಸದ ದಿನ ಕಳಸ್ತೀನಿ."

ಇಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಉಳೀತಿತ್ತು. ನಾವು ಹೊರಡುವಾಗ ಡಿಕ್ಕಿಯಲ್ಲಿ ಒಂದು ಚೀಲ ಮೆಣಸಿನಕಾಯಿ ಇಡಿಸಿದರು. "ಆ ಗಿರಣಿಯಾಂವಗ ಕೊಡ್ರಿ. ಕುಟ್ಟೂದಿದ್ರ ಇಂಥಾದ್ದು ಕುಟ್ಟು ಅನ್ರಿ."

ಕುಬಸದ ದಿನ

ಅಪ್ಪ ತಾನೇ ಹಾವೇರಿಗೆ ಹೋಗಿ, ಕಂಪನಿ ಡಬ್ಬಿಯ ಬೆಲ್ಟು ತರಿಸಲು ಹೇಳಿಟ್ಟು, ಕಾದು, ತಂದ. ನಾನು ಅದನ್ನು ಗಿರಣಿಯ ಬೆಲ್ಟಿನ ಪಕ್ಕ ಇಟ್ಟು ತೋರಿಸಿದೆ. ಮೇಲೆ ಅಚ್ಚಾದ ನಂಬರು ಕೂಡ ಒಂದೇ.

"ಅಪ್ಪಾ, ಎರಡೂ ಒಂದ ಅದಾವ ನೋಡು."

"ಡಬ್ಬಿ ಬ್ಯಾರೆ ಐತಿ" ಅಂದ ಅಪ್ಪ.

ಕುಬಸ ಚಂದಾಗಿ ಆಯಿತು. ಅಕ್ಕ ಹಸಿರು ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು, ತಲೆಗೆ ಹೂವಿನ ದಂಡಿ ಕಟ್ಟಿಕೊಂಡು ಕಾರು ಹತ್ತಿದಳು. ನಮ್ಮ ಗಾಡಿಯ ಮೇಲೆ ಪೂರ್ತಿ ನಂಬಿಕೆ ಇಲ್ಲದ ಬೀಗರು ತಮ್ಮ ಹೊಸ ಕಾರು ತಗೊಂಡು ಹಿಂದೆಯೇ ಬಂದರು. ಅದಕ್ಕೆ ಕೀಲಿಯೇ ಇಲ್ಲ, ಗುಂಡಿ ಒತ್ತಿದರೆ ಸಾಕು. ದಾರಿಯಲ್ಲಿನ ಮೋಟೆಬೆನ್ನೂರು ಇನ್ನೂ ದೂರವಿರುವಾಗ ಅದು ಒಮ್ಮೆಲೇ ನಿಂತಿತು. ಅಪ್ಪ ಗಾಡಿ ಹಿಂದಕ್ಕೆ ತಂದ. ಬೀಗರು ಗುಂಡಿ ಒತ್ತಿದರು, ಒತ್ತಿದರು. ಕಾರು ಇಂಗ್ಲಿಷಿನಲ್ಲಿ ಏನೋ ಬರೆದು ತೋರಿಸಿತು, ಹೆಣ್ಣಿನ ದನಿಯಲ್ಲಿ ಏನೋ ಹೇಳಿತು, ಮುಂದೆ ಮಾತ್ರ ಹೋಗಲಿಲ್ಲ.

ಕಂಪನಿಗೆ ಫೋನ್ ಹಚ್ಚಿದರು. "ಕನ್ನಡಕ್ಕ ಎರಡು ಒತ್ರಿ ಅಂತೈತಿ, ಒತ್ತಿದ್ರ ಹಾಡು ಹಚ್ಚತೈತಿ" ಅಂತ ರಸ್ತೆಯ ಬದಿಗೆ ಬಿಸಿಲಲ್ಲಿ ನಿಂತು ಗೋಳಾಡಿದರು. ಕಡೆಗೆ ಒಬ್ಬ ಸಿಕ್ಕ. ಸಾಮಾನು ದೂರದಿಂದ ಬರಬೇಕು, ಬೇರೆ ಯಾವ ಗಾಡಿಯದೂ ಇದಕ್ಕೆ ನಡೆಯೋದಿಲ್ಲ, ಕೈ ಹಚ್ಚಬೇಡಿ, ಹದಿನೈದು ದಿನ ಅಂದನಂತೆ.

ಬೀಗರು ಟೊಪ್ಪಿಗೆ ತೆಗೆದು ನನ್ನ ಹತ್ತಿರ ಬಂದರು. ದನಿ ಸಣ್ಣದು ಮಾಡಿಕೊಂಡು "ತಮ್ಮಾ, ನೀ ಒಮ್ಮೆ ನೋಡಪಾ. ಟ್ರ್ಯಾಕ್ಟರಿಂದರ ಆಗ್ಲಿ, ಟಂಟಂದರ ಆಗ್ಲಿ" ಅಂದರು.

ಬಾನೆಟ್ಟು ಎತ್ತಿ ನೋಡಿದೆ. ಒಳಗೆ ಇನ್ನೊಂದು ಕರೀ ಮುಚ್ಚಳ. "ಮಾವಾರ, ಇದರಾಗ ಎಂಜಿನ್ನ ಕಾಣವಲ್ದರಿ" ಅಂದೆ.

ಹೊಸ ಕಾರನ್ನು ಅಲ್ಲೇ ಬಿಟ್ಟು ಬೀಗರು ನಮ್ಮ ಗಾಡಿ ಹತ್ತಿದರು. ಮುಂದೆ ಜಾಗ ಇರಲಿಲ್ಲ. ಹಿಂದೆ ಅವ್ವನ ಪಕ್ಕ ಮುದುಡಿ ಕುಂತು, ತೊಡೆಯ ಮೇಲೆ ಕುಬಸದ ಉಂಡಿಯ ಬುಟ್ಟಿ, ಅದರ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ರಾಣೆಬೆನ್ನೂರಿನವರೆಗೆ ಬಂದರು. ಮನೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಬೀಗರು ಇಳಿದು, ಧೋತರ ಕೊಡವಿ, ಎಲ್ಲರಿಗೂ ಕೇಳೋಹಂಗ ಹೇಳಿದರು.

"ಬೀಗರ, ಗಾಡಿ ಅಂದ್ರ ಹಿಂಗಿರಬೇಕು ನೋಡ್ರಿ. ಇದಕ್ಕ ಸಾಮಾನು ಹುಡುಕಿ ತಂದಾನಲ್ಲ ನಿಮ್ಮ ಮಗ, ಭಾಳ ಶಾಣ್ಯಾ ಅದಾನ."

ಇಲ್ಲಿಗೆ ಮುಗಿಸಿದರೆ ಚಂದ ಇತ್ತು. ಆದರೆ ಆ ಹೊಸ ಕಾರು ಕೆಟ್ಟಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ ಕಥೆ. ಕೆಟ್ಟದ್ದೂ ನಾನು ಕಟ್ಟಿದ್ದೇ. ಬೀಗರು ನಮ್ಮ ಹಿಂದೆ ಬರಲೇ ಇಲ್ಲ, ಹೊಸ್ತಿಲಲ್ಲೇ ಕೈ ಬೀಸಿ ಒಳಗೆ ಹೋಗಿ ಮಲಕೊಂಡರು. ನಮ್ಮ ಕಾರು ದಾರಿಯಲ್ಲಿ ಒಮ್ಮೆಯೂ ಕೆಮ್ಮಲಿಲ್ಲ, ನಡುಗಲಿಲ್ಲ. ಅಕ್ಕ ಬಾಯಿ ತೆರಕೊಂಡು ನಿದ್ದೆ ಹೊಡೆದಳು, ಎಬ್ಬಿಸಿದಾಗ "ಅವ್ವಾ, ಏನು ಅಡಿಗಿ?" ಅಂದಳು. ಅಪ್ಪ ಇಳಿದು, ಕಾರಿನ ನೆತ್ತಿ ಸವರಿ, ಓಣಿಯವರ ಮುಂದೆ "ಕಂಪನಿ ಬೆಲ್ಟ್ ಹಾಕಿದ್ದಕ್ಕ ಹೂವಿನಂಗ ಬಂತು" ಅಂದ.

ಮೂರು ಊರಿನ ಗುಜರಿ ಜಾಲಾಡಿದಾಂವ ನಾನು, ಅಲ್ಲೇ ಬುಟ್ಟಿ ಹೊತ್ತುಕೊಂಡು ನಿಂತಿದ್ದೆ. ಒಂದು ಒಳ್ಳೇ ಮಾತು ಯಾರಾದರೂ ಆಡ್ತಾರೇನೋ ಅಂತ ನೋಡಿದೆ. ಯಾರೂ ಆಡಲಿಲ್ಲ. ಅದಕ್ಕೇ ಬೀಗರ ಬಾಯಿಂದ ನಾನೇ ಆಡಿಸಿದೆ.